ಹಳೆ ಬ್ಯಾಟರಿ ಯಾರಿಗೆ ಕೊಡೋದು? ಅಂಗಡಿ, ಗುಜರಿ, ಕಂಪನಿ, ಮರುಬಳಕೆ ಘಟಕ – ಯಾವುದು ಯಾರಿಗೆ ಸರಿ

ಯುಪಿಎಸ್ ಬ್ಯಾಟರಿ ಸತ್ತಿದೆ. ಹೊಸದು ತರಲು ಹೋದರೆ ಅಂಗಡಿಯವರು ಹಳೆಯದಕ್ಕೆ ಒಂದು ರೇಟು ಹೇಳುತ್ತಾರೆ. ಬೀದಿಗೆ ಬರುವ ಗುಜರಿಯವರು ಅದಕ್ಕಿಂತ ಮುನ್ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇನ್ಯಾರೋ 'ಲೈಸೆನ್ಸ್ ಇರೋ ರೀಸೈಕ್ಲರ್‌ಗೇ ಕೊಡಿ' ಅಂತ ಬರೆಯುತ್ತಾರೆ. ಆದರೆ ಆ ರೀಸೈಕ್ಲರ್ ಎಲ್ಲಿದ್ದಾನೆ, ಒಂದೇ ಒಂದು ಬ್ಯಾಟರಿಗೆ ಮನೆವರೆಗೂ ಬರುತ್ತಾನಾ ಅನ್ನೋದನ್ನ ಮಾತ್ರ ಯಾರೂ ಹೇಳುವುದಿಲ್ಲ.

ಇ-ಸ್ಕೂಟರ್ ಇರುವವರದು ಬೇರೆ ಗೋಳು. ವಾರಂಟಿ ಮುಗಿದಿದೆ, ಗಾಡಿ ಮೊದಲಿನ ಅರ್ಧ ದೂರವೂ ಓಡುತ್ತಿಲ್ಲ. ಕಂಪನಿ ಹೇಳುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇನ್ನು ಟಿವಿ ರಿಮೋಟಿನ ಸೆಲ್ಲು, ಊದಿಕೊಂಡ ಮೊಬೈಲ್ ಬ್ಯಾಟರಿ, ಕೆಟ್ಟ ಪವರ್ ಬ್ಯಾಂಕ್ ಇವೆಲ್ಲ ಪ್ರತಿ ಮನೆಯ ಯಾವುದೋ ಒಂದು ಡ್ರಾಯರಿನಲ್ಲಿ ಸುಮ್ನೆ ಬಿದ್ದಿರುತ್ತವೆ.

ಎಲ್ಲ ಬ್ಯಾಟರಿಗೂ ಒಂದೇ ಉತ್ತರ ಇಲ್ಲ. ಕೆಲವು ಬ್ಯಾಟರಿಗೆ ಹಳೆಯದಾದ ಮೇಲೂ ಒಳ್ಳೆ ಬೆಲೆ ಇದೆ. ಅದು ಹೇಗಿದ್ದರೂ ಯಾರದೋ ಕೈಗೆ ಹೋಗಿಯೇ ಹೋಗುತ್ತದೆ, ಯಾರ ಕೈಗೆ ಅನ್ನೋದಷ್ಟೇ ಪ್ರಶ್ನೆ. ಕೆಲವಕ್ಕೆ ಕಾಸಿನ ಬೆಲೆಯೂ ಇಲ್ಲ. ಅಂಥದ್ದನ್ನು ವಾಪಸ್ ತರಿಸಲು ಕಾನೂನೇ ಬೇಕು. ನಿಮ್ಮ ಹತ್ತಿರ ಇರುವುದು ಇವೆರಡರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕಾನೂನು ಏನು ಹೇಳುತ್ತದೆ

ನಮ್ಮಲ್ಲಿ ಬ್ಯಾಟರಿಗೆ ಅಂತಲೇ ನಿಯಮ ಬಂದದ್ದು 2001ರಲ್ಲಿ. ಅದು ಸೀಸದ ಬ್ಯಾಟರಿಗೆ ಮಾತ್ರ. ಡೀಲರ್ ಹಳೆಯದನ್ನು ವಾಪಸ್ ತೆಗೆದುಕೊಂಡು ರಿಯಾಯಿತಿ ಕೊಡಬೇಕು, ಕಂಪನಿ ಮೂರನೇ ವರ್ಷದಿಂದ ತಾನು ಮಾರಿದ್ದರಲ್ಲಿ ಶೇ. 90ರಷ್ಟನ್ನು ವಾಪಸ್ ಸಂಗ್ರಹಿಸಬೇಕು ಅಂತ ಅದರಲ್ಲಿತ್ತು. ಎಕ್ಸ್‌ಚೇಂಜ್ ಅನ್ನೋ ಪದ್ಧತಿ ಬ್ಯಾಟರಿ ಅಂಗಡಿಗಳಲ್ಲಿ ಗಟ್ಟಿಯಾಗಲು ಆ ನಿಯಮವೂ ಒಂದು ಕಾರಣ. ಆದರೆ ಲಿಥಿಯಂ, ಪೆನ್ಸಿಲ್ ಸೆಲ್ಲು ಯಾವುದೂ ಅದರ ಲೆಕ್ಕದಲ್ಲಿ ಇರಲಿಲ್ಲ.

2022ರ ಆಗಸ್ಟ್‌ನಲ್ಲಿ ಅದರ ಜಾಗಕ್ಕೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈಗ ಯಾವ ರಾಸಾಯನಿಕದ್ದಾದರೂ, ಯಾವ ಗಾತ್ರದ್ದಾದರೂ ಎಲ್ಲ ಬ್ಯಾಟರಿಯೂ ಕಾನೂನಿನ ಒಳಗಿದೆ. ನಾಲ್ಕು ಗುಂಪು ಮಾಡಿದ್ದಾರೆ. 5 ಕೆಜಿಗಿಂತ ಕಡಿಮೆ ತೂಕದ ಸೀಲ್ ಆದ ಚಿಕ್ಕ ಬ್ಯಾಟರಿಗಳು, ಗಾಡಿ ಸ್ಟಾರ್ಟ್ ಮಾಡಲು ಮತ್ತು ಲೈಟಿಗೆ ಬಳಸುವವು, ಎಲೆಕ್ಟ್ರಿಕ್ ಗಾಡಿ ಓಡಿಸುವವು, ಮತ್ತೆ ಕೈಗಾರಿಕೆಯವು. ಮನೆಯ ಯುಪಿಎಸ್‌ಗೆ ಹಾಕುವ ನೀರು ತುಂಬುವ ದೊಡ್ಡ ಬ್ಯಾಟರಿ ಮೊದಲ ಮೂರಕ್ಕೂ ಸೇರುವುದಿಲ್ಲ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ನಿಮ್ಮ ಅಡುಗೆಮನೆ ಪಕ್ಕದಲ್ಲಿ ಇರುವುದು ಕೈಗಾರಿಕಾ ಬ್ಯಾಟರಿ!

ಹೊಣೆ ಯಾರದು? 'ಉತ್ಪಾದಕ'ನದು. ತಾನೇ ತಯಾರಿಸಿ ಮಾರುವವನು, ಬೇರೆಯವರ ಹತ್ತಿರ ಮಾಡಿಸಿ ತನ್ನ ಬ್ರ್ಯಾಂಡ್ ಹಾಕಿಕೊಂಡು ಮಾರುವವನು, ಬ್ಯಾಟರಿಯನ್ನಾಗಲಿ ಬ್ಯಾಟರಿ ಇರುವ ಸಾಮಾನನ್ನಾಗಲಿ ಹೊರದೇಶದಿಂದ ತರಿಸುವವನು, ಎಲ್ಲರೂ ಉತ್ಪಾದಕರೇ. ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ರಿಜಿಸ್ಟರ್ ಆಗಬೇಕು. ಇಂತಿಷ್ಟು ಹಳೆ ಬ್ಯಾಟರಿ ಮರುಬಳಕೆ ಆಯಿತು ಅಂತ ಪ್ರತಿವರ್ಷ ತೋರಿಸಬೇಕು. ಹಾಗಂತ ಅವರೇ ಮನೆಮನೆಗೆ ಬಂದು ಸಂಗ್ರಹಿಸಬೇಕಿಲ್ಲ. ರಿಜಿಸ್ಟರ್ ಆದ ಮರುಬಳಕೆ ಘಟಕ ತಾನು ಕರಗಿಸಿದ ಲೆಕ್ಕಕ್ಕೆ ಇಪಿಆರ್ (ಉತ್ಪಾದಕರ ವಿಸ್ತೃತ ಹೊಣೆ) ಸರ್ಟಿಫಿಕೇಟ್ ಪಡೆಯುತ್ತದೆ, ಉತ್ಪಾದಕರು ಅದನ್ನು ಕೊಂಡುಕೊಳ್ಳುತ್ತಾರೆ. ಅಂದರೆ ನಿಮ್ಮ ಹಳೆ ಬ್ಯಾಟರಿ ಅದೇ ಕಂಪನಿಗೆ ಹೋಗಲೇಬೇಕು ಅಂತೇನಿಲ್ಲ. ರಿಜಿಸ್ಟರ್ ಆದ ಯಾವುದಾದರೂ ಘಟಕ ಮುಟ್ಟಿದರೆ ಸಾಕು.

ನಮಗೆ, ಅಂದರೆ ಬಳಸುವವರಿಗೆ, ನಿಯಮ ಹೇಳುವುದು ಎರಡೇ ಮಾತು. ಬ್ಯಾಟರಿಯನ್ನು ಮನೆಕಸದ ಜೊತೆ ಬೆರೆಸಬೇಡಿ. ಸಂಗ್ರಹಿಸುವ, ರಿಪೇರಿ ಮಾಡುವ ಅಥವಾ ಮರುಬಳಕೆ ಮಾಡುವವರಿಗೆ ಕೊಡಿ. ನಾವು ಕೈಯಿಂದ ದುಡ್ಡು ಕೊಡಬೇಕು ಅಂತ ಎಲ್ಲೂ ಇಲ್ಲ. ಉತ್ಪಾದಕರು ಬೇಕಾದರೆ ಡೆಪಾಸಿಟ್ ವಾಪಸ್ ಕೊಡುವ ಯೋಜನೆಯನ್ನೋ ಬೈಬ್ಯಾಕ್ ಯೋಜನೆಯನ್ನೋ ನಡೆಸಬಹುದು ಅಂತ ಇದೆ. ಗಮನಿಸಿ, 'ನಡೆಸಬಹುದು', 'ನಡೆಸಲೇಬೇಕು' ಅಲ್ಲ. ಈ ನಿಯಮದ ದೊಡ್ಡ ಕೊರತೆ ಇದೇ ಅಂತ ನನಗನ್ನಿಸುತ್ತದೆ. ಮೇಲಿನ ಕಾಗದಪತ್ರವೆಲ್ಲ ಬಿಗಿಯಾಗಿದೆ, ನಮ್ಮ ಮನೆಯಿಂದ ಸಂಗ್ರಹ ಕೇಂದ್ರದವರೆಗಿನ ದಾರಿ ಮಾತ್ರ ಸಡಿಲ.

ಯಾವ ಅಳತೆಯಲ್ಲಿ ಹೋಲಿಸೋದು

ಮೊದಲನೆಯದು, ಕೊನೆಗೆ ಎಲ್ಲಿ ಮುಟ್ಟುತ್ತದೆ. ನೀವು ಕೊಟ್ಟವರಿಗಿಂತ ಅವರು ಮುಂದೆ ಯಾರಿಗೆ ಕೊಡುತ್ತಾರೆ ಅನ್ನೋದೇ ಮುಖ್ಯ. ಎರಡನೆಯದು ದುಡ್ಡು: ಬಾಯಲ್ಲಿ ಹೇಳುವ ರೇಟಲ್ಲ, ನಿಜವಾಗಿ ಕೈಗೆ ಸಿಗುವುದು ಅಥವಾ ಬಿಲ್ಲಿನಲ್ಲಿ ಕಡಿಮೆಯಾಗುವುದು. ಮೂರನೆಯದು ಸಾಗಿಸುವಾಗಿನ ಅಪಾಯ. ಆಸಿಡ್ ಚೆಲ್ಲುವ ಬ್ಯಾಟರಿ ಬೇರೆ, ಬೆಂಕಿ ಹತ್ತುವ ಬ್ಯಾಟರಿ ಬೇರೆ. ನಾಲ್ಕನೆಯದು ನಿಮ್ಮ ಅಲೆದಾಟ. ಬೆಂಗಳೂರಿನಲ್ಲಿ ಇರುವವರ ಅನುಕೂಲ ಸಿರುಗುಪ್ಪದಲ್ಲೋ ಸಿದ್ದಾಪುರದಲ್ಲೋ ಇರುವವರಿಗೆ ಇಲ್ಲ. ಐದನೆಯದು ಕಾಗದ. ಮನೆಯವರಿಗೆ ಇದರ ತಲೆಬಿಸಿ ಬೇಡ. ಆಫೀಸು, ಬ್ಯಾಂಕ್ ಶಾಖೆ, ಆಸ್ಪತ್ರೆ, ಅಪಾರ್ಟ್‌ಮೆಂಟ್ ಸಂಘಕ್ಕೆ ಇದೇ ಮೊದಲನೆಯದಾಗಬಹುದು.

ಸೀಸದ ಬ್ಯಾಟರಿ: ಎಲ್ಲರಿಗೂ ಬೇಕಾದ ಹಳೆ ಸಾಮಾನು

ಯುಪಿಎಸ್, ಕಾರು, ಬೈಕು, ಟ್ರಾಕ್ಟರ್, ಹೊಲದ ಝಟ್ಕಾ ಬೇಲಿ, ಹಳೆ ಸೋಲಾರ್ ದೀಪ ಎಲ್ಲದರಲ್ಲೂ ಹೆಚ್ಚಾಗಿ ಇರುವುದು ಸೀಸದ ಬ್ಯಾಟರಿ. ಮನೆಗೆ ಹಾಕುವ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನೋ ಅಳತೆ) ಟ್ಯೂಬುಲರ್ ಬ್ಯಾಟರಿ ಆಸಿಡ್ ಸೇರಿ 50-60 ಕೆಜಿ ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ. ಸೀಸವನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಅದಕ್ಕೇ ಬೆಲೆ.

ಅಂಗಡಿ ಎಕ್ಸ್‌ಚೇಂಜ್ ಮೊದಲು ನೋಡೋಣ. ಹೊಸ ಬ್ಯಾಟರಿ ಹೊತ್ತು ತರುವ ಹುಡುಗನೇ ಹಳೆಯದನ್ನು ಹೊತ್ತುಕೊಂಡು ಹೋಗುತ್ತಾನೆ. ಅಲೆದಾಟ ಇಲ್ಲ, ಆಸಿಡ್ ಚೆಲ್ಲುವ ತಲೆನೋವು ನಿಮ್ಮದಲ್ಲ. ದೊಡ್ಡ ಬ್ರ್ಯಾಂಡಿನ ಡೀಲರ್ ಆದರೆ ಅದು ಕಂಪನಿಯ ದಾರಿ ಹಿಡಿಯುವ ಸಾಧ್ಯತೆ ಜಾಸ್ತಿ. ಕೆಲವು ಕಂಪನಿಗಳಿಗೆ ಸ್ವಂತ ಸೀಸ ಕರಗಿಸುವ ಕಾರ್ಖಾನೆಗಳೇ ಇವೆ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಎಕ್ಸೈಡ್‌ನ ಅಂಗಸಂಸ್ಥೆಯದೊಂದು ಇದೆ. ಹಳೆ ಬ್ಯಾಟರಿಯ ಸೀಸ ಅವರಿಗೆ ಕಚ್ಚಾಮಾಲು, ದಾನಧರ್ಮದ ವಿಷಯ ಅಲ್ಲ. ಮುಂದೆ ಇದು ಇನ್ನೂ ಬೇಕಾಗುತ್ತದೆ. 2027-28ರಿಂದ ಗಾಡಿ ಸ್ಟಾರ್ಟ್ ಮಾಡುವ ಹೊಸ ಬ್ಯಾಟರಿ ಮತ್ತು ಕೈಗಾರಿಕಾ ಬ್ಯಾಟರಿಯಲ್ಲಿ ಕನಿಷ್ಠ ಶೇ. 35ರಷ್ಟು ಮರುಬಳಕೆಯ ಸಾಮಗ್ರಿ ಇರಬೇಕು ಅಂತ ನಿಯಮ ಇದೆ.

ಎಕ್ಸ್‌ಚೇಂಜಿನಲ್ಲಿ ಹುಷಾರಾಗಿರಬೇಕಾದದ್ದು ರೇಟಿನ ಆಟದಲ್ಲಿ. 'ಹಳೆಯದಕ್ಕೆ ಇಷ್ಟು ಸಾವಿರ' ಅಂತ ದೊಡ್ಡ ಮೊತ್ತ ಹೇಳಿ ಹೊಸದರ ಬೆಲೆಯನ್ನೂ ಅಷ್ಟೇ ಏರಿಸಿರಬಹುದು. ಹಾಗಾಗಿ ಎರಡು ಬೆಲೆ ಕೇಳಿ. ಹಳೆಯದು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು? ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಹಳೆ ಬ್ಯಾಟರಿಯ ನಿಜವಾದ ಬೆಲೆ. ಇನ್ನೊಂದು, ಅಂಗಡಿಯವರು ಸಾಮಾನ್ಯವಾಗಿ ಎಎಚ್ ನೋಡಿ ರೇಟು ಕಟ್ಟುತ್ತಾರೆ, ತಕ್ಕಡಿಗೆ ಹಾಕುವುದಿಲ್ಲ. ನಿಮ್ಮದು ಭಾರೀ ಟ್ಯೂಬುಲರ್ ಆಗಿದ್ದರೆ ಇದರಲ್ಲಿ ನಿಮಗೆ ಸ್ವಲ್ಪ ನಷ್ಟ. ಸಪೂರ ಪ್ಲೇಟಿನ ಹಗುರ ಬ್ಯಾಟರಿ ಆದರೆ ಲಾಭ.

ಅದಕ್ಕೂ ಮೊದಲು ವಾರಂಟಿ ಕಾರ್ಡು ಹುಡುಕಿ. ಬಹಳಷ್ಟು ಬ್ಯಾಟರಿಗೆ ಪೂರ್ತಿ ವಾರಂಟಿ ಮುಗಿದ ಮೇಲೂ ಕೆಲವು ತಿಂಗಳು 'ಪ್ರೊ-ರೇಟಾ' ಅಂತ ಇರುತ್ತದೆ. ಆಗ ಕೆಟ್ಟರೆ ಹೊಸದರ ಮೇಲೆ ಒಂದಿಷ್ಟು ಶೇಕಡಾ ರಿಯಾಯಿತಿ. ಆದರೆ ಆ ರಿಯಾಯಿತಿಯನ್ನು ಸಾಮಾನ್ಯವಾಗಿ ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ, ಹಳೆ ಬ್ಯಾಟರಿಯೂ ಕಂಪನಿಗೇ ಹೋಗುತ್ತದೆ. ಅಂಗಡಿಯಲ್ಲಿ ಎಂಆರ್‌ಪಿಗಿಂತ ಎಷ್ಟೋ ಕಡಿಮೆಗೆ ಹೊಸದು ಸಿಗುತ್ತಿದ್ದರೆ, ಮಾಮೂಲಿ ಎಕ್ಸ್‌ಚೇಂಜೇ ಲಾಭ ಆಗುವುದೂ ಉಂಟು. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ನೋಡಿ.

ಈಗ ಗುಜರಿ. ಗುಜರಿಯವರನ್ನು ಕಳ್ಳರ ಥರ ನೋಡುವುದು ನನಗೆ ಇಷ್ಟವಿಲ್ಲ. ಈ ದೇಶದಲ್ಲಿ ಕಬ್ಬಿಣ, ಕಾಗದ, ಪ್ಲಾಸ್ಟಿಕ್ ವಾಪಸ್ ಬರುತ್ತಿರುವುದೇ ಅವರಿಂದ. ಮನೆಬಾಗಿಲಿಗೆ ಬರುತ್ತಾರೆ, ಕೈಗೆ ನಗದು ಕೊಡುತ್ತಾರೆ, ಹೊಸದು ಕೊಳ್ಳಬೇಕು ಅನ್ನೋ ಷರತ್ತೂ ಇಲ್ಲ. ಅವರು ಕೊಂಡದ್ದು ದೊಡ್ಡ ಗೋದಾಮಿಗೆ ಹೋಗಿ, ಅಲ್ಲಿಂದ ರಿಜಿಸ್ಟರ್ ಆದ ಕಾರ್ಖಾನೆಗೇ ಸೇರಬಹುದು. ಸೇರದೆಯೂ ಇರಬಹುದು. ಆ 'ಇರಬಹುದು' ಎಷ್ಟು ದುಬಾರಿ ಅನ್ನೋದನ್ನು ನೋಡಬೇಕು.

ಸೀಸ 327 ಡಿಗ್ರಿಗೇ ಕರಗುತ್ತದೆ. ಇದ್ದಿಲಿನ ಒಲೆ, ಕಬ್ಬಿಣದ ಬಾಣಲೆ ಇದ್ದರೆ ಸಾಕು. ಕಳ್ಳ ಭಟ್ಟಿಯಲ್ಲಿ ನಡೆಯುವುದು ಇಷ್ಟು: ಕೊಡಲಿಯಿಂದ ಬ್ಯಾಟರಿ ಒಡೆಯುತ್ತಾರೆ, ಆಸಿಡನ್ನು ಚರಂಡಿಗೋ ಮಣ್ಣಿಗೋ ಸುರಿಯುತ್ತಾರೆ, ಪ್ಲೇಟುಗಳನ್ನು ಬಯಲಲ್ಲೇ ಕರಗಿಸುತ್ತಾರೆ. ಆಸಿಡ್ ಜೊತೆ ಸೀಸದ ಕೆಸರೂ ಮಣ್ಣಿಗೆ ಇಳಿಯುತ್ತದೆ. ಹೊಗೆಯಲ್ಲಿ ಸೀಸದ ಪುಡಿ ಸುತ್ತಲಿನ ಮನೆಗಳ ಮೇಲೆ ಕೂರುತ್ತದೆ. ಕೆಲಸಗಾರರ ಬಟ್ಟೆಗೆ ಅಂಟಿ ಅವರ ಮಕ್ಕಳ ಹತ್ತಿರಕ್ಕೂ ಹೋಗುತ್ತದೆ. ಸೆನೆಗಲ್‌ನ ಡಕಾರ್ ಹೊರವಲಯದ ಥಿಯಾರೊಯ್‌ನಲ್ಲಿ 2007-08ರಲ್ಲಿ ಹೀಗೆ ಹಳೆ ಬ್ಯಾಟರಿ ಕರಗಿಸುತ್ತಿದ್ದ ಜಾಗದ ಸುತ್ತ 18 ಮಕ್ಕಳು ಸತ್ತರು. ದೂರದ ಮಾತು ಅನ್ನಿಸಬಹುದು. ಆದರೆ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿ ಪ್ರಕಾರ ಭಾರತದಲ್ಲೇ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮೀರಿ ಸೀಸ ಇದೆ. ಅದಕ್ಕೆ ಬ್ಯಾಟರಿ ಒಂದೇ ಕಾರಣ ಅಲ್ಲ, ದೊಡ್ಡ ಕಾರಣಗಳಲ್ಲಿ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ವೆಂಕಟೇಶ್ ತುಪ್ಪಿಲ್ ಇದೇ ವಿಷಯ ಹೇಳಿಕೊಂಡು ದಶಕಗಟ್ಟಲೆ ಓಡಾಡಿದವರು.

ಇಲ್ಲಿ ಒಂದು ವಿಚಿತ್ರ ಇದೆ. ಕಳ್ಳ ಭಟ್ಟಿಯವನಿಗೆ ಹೊಗೆ ಶುದ್ಧ ಮಾಡುವ ಯಂತ್ರದ ಖರ್ಚಿಲ್ಲ, ಟ್ಯಾಕ್ಸಿಲ್ಲ, ಕಾಗದಪತ್ರ ಇಲ್ಲ. ಹಾಗಾಗಿ ಅವನು ನಿಯಮ ಪಾಲಿಸುವವನಿಗಿಂತ ಜಾಸ್ತಿ ರೇಟು ಕೊಡಬಲ್ಲ. ನಿಮಗೆ ಸಿಗುವ ಆ ಮುನ್ನೂರು ರೂಪಾಯಿ ಬಹುಶಃ ಅಲ್ಲಿಂದಲೇ ಬಂದದ್ದು.

ಅದೂ ನಿಜವಾಗಿ ಸಿಕ್ಕರೆ! ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಅಂಗಡಿಯ ರೇಟನ್ನು ತೂಕದ ಲೆಕ್ಕಕ್ಕೆ ತಂದರೆ ಕೆಜಿಗೆ ₹80, ಗುಜರಿಯಲ್ಲಿ ₹85. ನಿಮ್ಮದು 55 ಕೆಜಿ. ಗುಜರಿಯ ತಕ್ಕಡಿ 50 ತೋರಿಸಿದರೆ ನಿಮಗೆ ಸಿಗುವುದು ₹4,250. ಅಂಗಡಿಯಲ್ಲಿ ₹4,400 ಸಿಗುತ್ತಿತ್ತು. ಕೊಕ್ಕೆ ತಕ್ಕಡಿಗೆ ನೇತುಹಾಕಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಐದು ಕೆಜಿ ಮಾಯ ಆಗೋದು ಕಷ್ಟವೇನಲ್ಲ. 'ಆಸಿಡ್ ಸೇರಿಸಿ ರೇಟಾ, ಆಸಿಡ್ ತೆಗೆದು ರೇಟಾ' ಅಂತಲೂ ಮೊದಲೇ ಕೇಳಿ. ಜಾಸ್ತಿ ರೇಟಿನ ಆಸೆಗೆ ಆಸಿಡನ್ನು ನೀವೇ ಬಚ್ಚಲಿಗೆ ಸುರಿಯೋದು ಮಾತ್ರ ಬೇಡವೇ ಬೇಡ. ಅಕಸ್ಮಾತ್ ಚೆಲ್ಲಿದರೆ ಮೇಲೆ ಅಡುಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ಜಾಸ್ತಿ ನೀರಿನಲ್ಲಿ ತೊಳೆಯಿರಿ.

ಮೂರನೇ ದಾರಿ, ನೇರವಾಗಿ ಮರುಬಳಕೆ ಘಟಕಕ್ಕೆ. ಒಂದು ಬ್ಯಾಟರಿಗೆ ಇದು ದಂಡ. ಅವರಿಗೆ ಬೇಕಿರುವುದು ಲೋಡುಗಟ್ಟಲೆ. ನಿಮ್ಮ ಆಟೋ ಬಾಡಿಗೆಯೇ ಸೀಸದ ಬೆಲೆಯಲ್ಲಿ ಒಂದು ಪಾಲು ತಿನ್ನುತ್ತದೆ.

ಹಾಗಾಗಿ ಹೊಸದು ಕೊಳ್ಳುವವರಿಗೆ ಎಕ್ಸ್‌ಚೇಂಜೇ ಸರಿ. ಇನ್ನೂರು ಮುನ್ನೂರು ಕಡಿಮೆಯಾದರೂ ನಾನು ಅದನ್ನೇ ಆರಿಸುತ್ತೇನೆ. ಹೊಸದು ಬೇಡ, ಹಳೆಯದು ಹೋದರೆ ಸಾಕು ಅನ್ನುವವರು ಗುಜರಿಗಿಂತ ಮೊದಲು ಬ್ಯಾಟರಿ ಅಂಗಡಿಯಲ್ಲೇ ಕೇಳಿ. ಬರೀ ಹಳೆಯದನ್ನು ಕೊಳ್ಳುವ ಅಂಗಡಿಗಳೂ ಇವೆ. ಹಳ್ಳಿಯಲ್ಲಿ ಇರುವವರು ಟ್ರಾಕ್ಟರ್ ಬ್ಯಾಟರಿಯನ್ನು ಹಾಗೇ ನೆಟ್ಟಗೆ ನಿಲ್ಲಿಸಿ, ಅಡಿಗೆ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ತಾಲ್ಲೂಕು ಪೇಟೆಗೆ ಹೋಗುವ ದಿನ ಒಯ್ದರೆ ಆಯ್ತು. ಕೊಟ್ಟಿಗೆಯಲ್ಲಿ ದನಕರು ನೆಕ್ಕುವ ಜಾಗದಲ್ಲಿ ಮಾತ್ರ ಬಿಡಬೇಡಿ.

ಇ-ಸ್ಕೂಟರ್ ಬ್ಯಾಟರಿ: ದುಬಾರಿ ಸಾಮಾನು, ಹಳೆಯದಾದರೆ ಅಗ್ಗ

ಎಲೆಕ್ಟ್ರಿಕ್ ಗಾಡಿಯ ಬೆಲೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬ್ಯಾಟರಿಯದೇ ಇರುತ್ತದೆ. ಆದರೆ ಹಳೆ ಪ್ಯಾಕ್‌ಗೆ ಎಷ್ಟು ಸಿಗುತ್ತದೆ ಅನ್ನೋದು ಒಳಗಿನ ರಾಸಾಯನಿಕದ ಮೇಲೆ ಹೋಗುತ್ತದೆ. ಲಿಥಿಯಂ ಪ್ಯಾಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ, ಎನ್‌ಎಂಸಿ ಮತ್ತು ಎಲ್‌ಎಫ್‌ಪಿ. ಎನ್‌ಎಂಸಿ ಆದರೆ ನಿಕಲ್, ಕೋಬಾಲ್ಟ್ ಇರುತ್ತದೆ, ಮರುಬಳಕೆಯವರಿಗೆ ಆಸೆ ಇರುತ್ತದೆ. ಎಲ್‌ಎಫ್‌ಪಿ ಆದರೆ ಇರುವುದು ಕಬ್ಬಿಣ, ಫಾಸ್ಫೇಟ್. ಲಿಥಿಯಂ, ತಾಮ್ರ, ಅಲ್ಯೂಮಿನಿಯಂ ಬಿಟ್ಟರೆ ತೆಗೆಯಲು ಬೆಲೆಬಾಳುವಂಥದ್ದು ಜಾಸ್ತಿ ಇಲ್ಲ. ಬೆಂಕಿ ತಡೆದುಕೊಳ್ಳುವುದರಲ್ಲಿ, ಬಾಳಿಕೆಯಲ್ಲಿ ಎಲ್‌ಎಫ್‌ಪಿ ಮೇಲು. ಹಳೆಯದಾದ ಮೇಲಿನ ಬೆಲೆಯಲ್ಲಿ ಎನ್‌ಎಂಸಿ ಮೇಲು. ಬೆಲೆ ಇಲ್ಲದ ಕಡೆ ಇಪಿಆರ್ ನಿಯಮದ ಒತ್ತಡವೇ ಗತಿ. ಎಲೆಕ್ಟ್ರಿಕ್ ಗಾಡಿ ಬ್ಯಾಟರಿಯ ಒಣ ತೂಕದಲ್ಲಿ 2024-25ಕ್ಕೆ ಶೇ. 70, 2025-26ಕ್ಕೆ ಶೇ. 80, 2026-27ರಿಂದ ಶೇ. 90 ಸಾಮಗ್ರಿ ಹೊರತೆಗೆಯಬೇಕು ಅಂತ ಮರುಬಳಕೆಯವರಿಗೆ ಗುರಿ ಇದೆ. ಸೀಸದ ಗಾಡಿ ಬ್ಯಾಟರಿಗೆ ಇರುವ ಶೇ. 60ಕ್ಕೆ ಹೋಲಿಸಿದರೆ ಇದು ಭಾರೀ ಗುರಿ.

ವಾರಂಟಿ ಒಳಗಿದ್ದರೆ ಯೋಚನೆಯೇ ಬೇಡ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಮುಗಿದಿದ್ದರೆ ಮೂರು ದಾರಿ.

ಕಂಪನಿಯಲ್ಲೇ ಹೊಸ ಪ್ಯಾಕ್ ಹಾಕಿಸುವುದು ದುಬಾರಿ. ಆದರೆ ಹಳೆಯದನ್ನು ಅವರೇ ಇಟ್ಟುಕೊಳ್ಳುತ್ತಾರೆ, ಹೊಣೆ ಅವರದ್ದೇ ಆಗುತ್ತದೆ. ಇಲ್ಲೂ 'ಹಳೆ ಪ್ಯಾಕ್‌ಗೆ ಎಷ್ಟು ಕಳೆಯುತ್ತೀರಿ' ಅಂತ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಸೊನ್ನೆ ಆಗಿರಬಹುದು.

ಎರಡನೆಯದು ಲೋಕಲ್ ಅಂಗಡಿಯಲ್ಲಿ ಸತ್ತ ಸೆಲ್ಲು ಬದಲಿಸಿಕೊಳ್ಳುವುದು. ಖರ್ಚು ತುಂಬಾ ಕಡಿಮೆ. ಪ್ಯಾಕ್‌ನಲ್ಲಿ ಕೆಲವೇ ಸೆಲ್ಲು ಸತ್ತಿದ್ದರೆ ಉಳಿದವನ್ನು ಎಸೆಯದೆ ಬಳಸಬಹುದು, ಅದೂ ಒಂದು ಥರದ ಪರಿಸರದ ಕೆಲಸವೇ. ನಿಯಮದಲ್ಲೂ ರಿಪೇರಿ ಮಾಡುವವರಿಗೆ ಜಾಗ ಇದೆ, ರಿಜಿಸ್ಟರ್ ಆಗಿರಬೇಕು ಅಷ್ಟೆ. ಆದರೆ ತೊಂದರೆ ಸುರಕ್ಷತೆಯದು. 2022ರಲ್ಲಿ ಸಾಲುಸಾಲಾಗಿ ಇ-ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಅನ್ನೋ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿದರು. ಒಡೆದು ಮತ್ತೆ ಬೆಸುಗೆ ಹಾಕಿದ ಪ್ಯಾಕ್ ಆ ಪರೀಕ್ಷೆ ಪಾಸಾದ ಪ್ಯಾಕ್ ಅಲ್ಲ. ಹಳೆ ಸೆಲ್ಲು ಹೊಸ ಸೆಲ್ಲು ಬೆರೆತರೆ ಚಾರ್ಜು ಸಮ ಆಗುವುದಿಲ್ಲ. ಗಾಡಿಯನ್ನು ಮನೆ ಒಳಗೆ, ಮೆಟ್ಟಿಲ ಕೆಳಗೆ ಚಾರ್ಜ್ ಮಾಡುವವರಿಗೆ ಈ ದಾರಿ ಬೇಡ ಅಂತಲೇ ಹೇಳುತ್ತೇನೆ. ಹೊರಗಡೆ ತೆರೆದ ಜಾಗ ಇದ್ದು, ಗಾಡಿಯಿಂದಲೇ ಹೊಟ್ಟೆಪಾಡು ನಡೆಯುವ ಡೆಲಿವರಿ ಹುಡುಗನಿಗೆ ಕಂಪನಿ ಪ್ಯಾಕ್ ಕೊಳ್ಳು ಅನ್ನೋದು ಸುಲಭದ ಮಾತಲ್ಲ. ಅವನು ಬಿಎಂಎಸ್ (ಸೆಲ್ಲುಗಳ ಚಾರ್ಜು ನೋಡಿಕೊಳ್ಳುವ ಸರ್ಕ್ಯೂಟ್) ಸಮೇತ ಬದಲಿಸುವ, ಬಿಲ್ಲು ಕೊಡುವ ಅಂಗಡಿ ಹುಡುಕಲಿ. ತೆಗೆದ ಸೆಲ್ಲುಗಳನ್ನು ಏನು ಮಾಡುತ್ತೀರಿ ಅಂತಲೂ ಕೇಳಲಿ. ಮೂಲೆಯಲ್ಲಿ ಗೋಣಿಚೀಲದಲ್ಲಿ ಸುರಿದಿದ್ದರೆ ಆ ಅಂಗಡಿಯ ಉಳಿದ ಕೆಲಸವೂ ಹಾಗೇ ಇರುತ್ತದೆ.

ಮೂರನೆಯದು ಎರಡನೇ ಬದುಕು. ಗಾಡಿಗೆ ಸಾಲದ ಬ್ಯಾಟರಿಯಲ್ಲಿ ಎಷ್ಟೋ ಸಲ ಶೇ. 70-80 ಶಕ್ತಿ ಉಳಿದಿರುತ್ತದೆ. ಮನೆ ದೀಪಕ್ಕೆ, ಸಣ್ಣ ಅಂಗಡಿಗೆ ಧಾರಾಳ ಸಾಕು. ಬೆಂಗಳೂರಿನ ನೂನಮ್ ಅನ್ನೋ ಸಂಸ್ಥೆ 2022ರಲ್ಲಿ ಆಡಿ ಕಂಪನಿಯ ಪರೀಕ್ಷಾ ಕಾರುಗಳ ಹಳೆ ಬ್ಯಾಟರಿಯನ್ನು ಇ-ರಿಕ್ಷಾಗಳಿಗೆ ಹಾಕಿ ತೋರಿಸಿತ್ತು. ಒಬ್ಬರ ಒಂದು ಪ್ಯಾಕ್‌ಗೆ ಈ ದಾರಿ ಇನ್ನೂ ಸಲೀಸಾಗಿಲ್ಲ. ಹತ್ತಾರು ಗಾಡಿ ಇಟ್ಟುಕೊಂಡವರು ಮಾತ್ರ ವಿಚಾರಿಸಿ ನೋಡಬಹುದು.

ಗುಜರಿಗೆ? ಲಿಥಿಯಂ ಪ್ಯಾಕ್ ಕೊಡಲೇಬೇಡಿ. ಸೀಸದ ಬ್ಯಾಟರಿ ಒಡೆದ ಅಭ್ಯಾಸದಲ್ಲಿ ಇದಕ್ಕೂ ಸುತ್ತಿಗೆ ಹಾಕಿದರೆ ಅಲ್ಲೇ ಬೆಂಕಿ.

ಒಂದು ಅಡ್ಡಮಾತು. ಈಗ ಯುಪಿಎಸ್‌ಗೂ ಲಿಥಿಯಂ ಬ್ಯಾಟರಿ ಬರುತ್ತಿದೆ. ಹಗುರ, ನೀರು ಹಾಕುವ ಕೆಲಸ ಇಲ್ಲ, ಬಾಳಿಕೆ ಜಾಸ್ತಿ. ಬೆಲೆ ಹೋಲಿಸುವಾಗ ಕೊನೆಯ ಲೆಕ್ಕವನ್ನೂ ಸೇರಿಸಿ. ಟ್ಯೂಬುಲರ್ ಸತ್ತ ಮೇಲೂ ನಿಮಗೆ ಸಾವಿರಗಟ್ಟಲೆ ವಾಪಸ್ ಕೊಡುತ್ತದೆ. ಎಲ್‌ಎಫ್‌ಪಿ ಕೊಡುವುದು ಅಲ್ಪಸ್ವಲ್ಪ. ಹೊಸದು ಕೊಳ್ಳುವಾಗಲೇ 'ಹಳೆಯದಾದ ಮೇಲೆ ವಾಪಸ್ ತಗೋತೀರಾ' ಅಂತ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಡ್ರಾಯರಿನ ಸಣ್ಣಪುಟ್ಟ ಬ್ಯಾಟರಿಗಳು

ಇಲ್ಲಿ ದುಡ್ಡಿನ ಮಾತೇ ಇಲ್ಲ. ಹೋಲಿಸಬೇಕಾದದ್ದು ಅಪಾಯ ಮತ್ತು ಅನುಕೂಲ ಮಾತ್ರ.

ಪೆನ್ಸಿಲ್ ಸೆಲ್ಲು, ಟಾರ್ಚ್ ಸೆಲ್ಲುಗಳು ಹೆಚ್ಚಾಗಿ ಸತುವು ಮತ್ತು ಮ್ಯಾಂಗನೀಸ್‌ನವು. ಈಗಿನ ನಿಯಮದಲ್ಲಿ ಚಿಕ್ಕ ಬ್ಯಾಟರಿಯಲ್ಲಿ ಪಾದರಸ ತೂಕದ ಶೇ. 0.0005ಕ್ಕಿಂತ, ಕ್ಯಾಡ್ಮಿಯಂ ಶೇ. 0.002ಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಇವು ಮನೆಯಲ್ಲಿ ಇದ್ದರೆ ಗಾಬರಿ ಬೇಡ. ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಕೂಡಿಡಿ. 2016ರ ಘನತ್ಯಾಜ್ಯ ನಿಯಮದಲ್ಲೂ ಹಳೆ ಬ್ಯಾಟರಿ ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲೇ ಇತ್ತು. ಹಸಿಕಸದ ಜೊತೆಗೂ ಇಲ್ಲ, ಒಣಕಸದ ಜೊತೆಗೂ ಇಲ್ಲ, ಬೇರೆಯಾಗಿ ಕೊಡಬೇಕು. ಬೆಂಗಳೂರಿನವರು ವಾರ್ಡಿನ ಒಣತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಕೇಳಬಹುದು. ಸಣ್ಣ ಊರಿನವರಿಗೆ ಸದ್ಯ ಇರುವ ದಾರಿ ಇ-ತ್ಯಾಜ್ಯ ಸಂಗ್ರಹ ಶಿಬಿರ. ಶಾಲೆಯೋ ರೋಟರಿಯೋ ನಡೆಸುವವರೆಗೆ ಕಾಯಬೇಕು. ಒಣಗಿದ ಜಾಗದಲ್ಲಿ ಇಟ್ಟರೆ ಸೆಲ್ಲುಗಳು ಕಾಯುತ್ತವೆ.

ಲಿಥಿಯಂದು ಕಾಯಿಸಬೇಡಿ. ಮೊಬೈಲ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಇಯರ್‌ಬಡ್ಸ್ ಎಲ್ಲ ಇದೇ ಜಾತಿ. ಕಸದ ಲಾರಿಯಲ್ಲಿ ಒತ್ತಿದಾಗ ಒಳಗಿನ ಪದರ ಹರಿದು ಬೆಂಕಿ ಹತ್ತುತ್ತದೆ. ಕೊಡುವ ಮೊದಲು ಎರಡೂ ತುದಿಗೆ ಸೆಲೋಟೇಪ್ ಸುತ್ತಿ. ಊದಿಕೊಂಡಿದ್ದರೆ ಚುಚ್ಚಬೇಡಿ, ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ. ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹೂತಿಟ್ಟು, ಮನೆಯ ಹೊರಗೆ ನೆರಳಿನಲ್ಲಿ ಇಡಿ. ಫೋನು ಪೂರ್ತಿ ಕೊಡುವುದಾದರೆ ಬ್ಯಾಟರಿ ಕಿತ್ತು ತೆಗೆಯುವ ಸಾಹಸ ಬೇಡ, ಹಾಗೇ ಕೊಡಿ. ಕಂಪನಿಯ ಸರ್ವಿಸ್ ಸೆಂಟರ್, ಕೆಲವು ಎಲೆಕ್ಟ್ರಾನಿಕ್ಸ್ ಮಳಿಗೆಗಳ ಡಬ್ಬ, ಪರವಾನಗಿ ಇರುವ ಇ-ತ್ಯಾಜ್ಯ ಸಂಸ್ಥೆ ಮೂರರಲ್ಲಿ ಹತ್ತಿರದ್ದು ಯಾವುದೋ ಅದೇ ಒಳ್ಳೆಯದು. ಪವರ್ ಬ್ಯಾಂಕ್‌ಗೆ ಎಕ್ಸ್‌ಚೇಂಜ್ ಆಫರ್ ಹುಡುಕುತ್ತಾ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ದಡ್ಡತನ.

ಗಡಿಯಾರ, ಆಟಿಕೆ, ಕಾರಿನ ರಿಮೋಟಿನ ಬಟನ್ ಸೆಲ್ಲನ್ನು ತೆಗೆದ ಕೂಡಲೇ ಟೇಪಿನಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಗು ನುಂಗಿದೆ ಅನ್ನೋ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ. ಬಾಳೆಹಣ್ಣು ತಿನ್ನಿಸಿ ಕಾಯುವ ವಿಷಯ ಅಲ್ಲ ಇದು.

ಆಫೀಸು, ಸಂಘ, ಸಣ್ಣ ವ್ಯಾಪಾರ

ಅಪಾರ್ಟ್‌ಮೆಂಟಿನ ಲಿಫ್ಟ್ ಬ್ಯಾಕಪ್, ಜನರೇಟರ್, ಬ್ಯಾಂಕಿನ ಯುಪಿಎಸ್ ಕೋಣೆ ಇಂಥ ಕಡೆ ಒಮ್ಮೆಗೆ ಹತ್ತಿಪ್ಪತ್ತು ಬ್ಯಾಟರಿ ಹೊರಬರುತ್ತದೆ. ಈಗ ಲೆಕ್ಕ ತಲೆಕೆಳಗು. ಮನೆಗೆ ದಂಡ ಅನ್ನಿಸಿದ ನೇರ ಮರುಬಳಕೆ ಘಟಕ ಇಲ್ಲಿ ಒಳ್ಳೆ ಆಯ್ಕೆ. ಇಷ್ಟು ತೂಕಕ್ಕೆ ಅವರೇ ಗಾಡಿ ಕಳಿಸುತ್ತಾರೆ, ತೂಕದ ಚೀಟಿ ಕೊಡುತ್ತಾರೆ, ದುಡ್ಡು ಬ್ಯಾಂಕಿಗೆ ಹಾಕುತ್ತಾರೆ. ಹೊಸ ಬ್ಯಾಟರಿ ಪೂರೈಸುವವರ ಬೈಬ್ಯಾಕ್ ಕೂಡ ನೋಡಿ. ಕೊಟೇಶನ್‌ನಲ್ಲಿ ಹೊಸದರ ಬೆಲೆ, ಹಳೆಯದರ ಬೆಲೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೇಳಿ. ಎರಡರಲ್ಲಿ ಯಾರಿಗೆ ಕೊಟ್ಟರೂ ಅವರ ರಿಜಿಸ್ಟ್ರೇಷನ್ ನಂಬರನ್ನು ಕೇಂದ್ರ ಮಂಡಳಿಯ ಇಪಿಆರ್ ಬ್ಯಾಟರಿ ಪೋರ್ಟಲಿನಲ್ಲಿ ತಾಳೆ ನೋಡಿ. ಗೋಡೆಗೆ ಫ್ರೇಮ್ ಹಾಕಿ ನೇತುಹಾಕಿದ ಸರ್ಟಿಫಿಕೇಟ್ ನೋಡಿ ನಂಬಬೇಡಿ, ಅವಧಿ ಮುಗಿದಿರಬಹುದು. 'ಸ್ಕ್ರ್ಯಾಪ್ ಟೆಂಡರ್' ಕರೆದು ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ ಕೊಡುವ ಹಳೆ ಚಾಳಿ ಬೇಡ. ಜಾಸ್ತಿ ಕೂಗಬಲ್ಲವನು ಯಾರು ಅಂತ ಮೇಲೆ ಹೇಳಿದ್ದೇನೆ.

ಇನ್ನು ಚೀನಾದಿಂದ ಪವರ್ ಬ್ಯಾಂಕೋ, ರೀಚಾರ್ಜ್ ಟಾರ್ಚೋ, ಔಷಧಿ ಹೊಡೆಯುವ ಬ್ಯಾಟರಿ ಪಂಪೋ ತರಿಸಿ ಮಾರುವವರ ಮಾತು. ತುಂಬಾ ಜನಕ್ಕೆ ಗೊತ್ತಿಲ್ಲ, ಹೀಗೆ ತರಿಸಿದ ಕೂಡಲೇ ನೀವೇ ಉತ್ಪಾದಕರು. ಇಲ್ಲೇ ಮಾಡಿಸಿ ನಿಮ್ಮ ಹೆಸರಿನ ಸ್ಟಿಕ್ಕರ್ ಅಂಟಿಸಿದರೂ ಅಷ್ಟೇ. ಪೋರ್ಟಲಿನ ರಿಜಿಸ್ಟ್ರೇಷನ್, ಅಡ್ಡಗೆರೆ ಹೊಡೆದ ಕಸದಬುಟ್ಟಿಯ ಗುರುತು, ವರ್ಷದ ಲೆಕ್ಕಪತ್ರ, ಸರ್ಟಿಫಿಕೇಟ್ ಕೊಳ್ಳುವ ಖರ್ಚು ಎಲ್ಲ ನಿಮ್ಮ ತಲೆಗೆ ಬರುತ್ತದೆ. 2025ರ ತಿದ್ದುಪಡಿಯ ನಂತರ ರಿಜಿಸ್ಟ್ರೇಷನ್ ನಂಬರನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ರೂಪದಲ್ಲಿ ಹಾಕಲು ದಾರಿ ಮಾಡಿದ್ದಾರೆ, ಸಣ್ಣ ಸಾಮಾನಿಗೆ ಅದು ಸ್ವಲ್ಪ ಸಲೀಸು. ಗುರಿ ಮುಟ್ಟದಿದ್ದರೆ ಪರಿಸರ ಪರಿಹಾರ ಕಟ್ಟಬೇಕು. ಕಟ್ಟಿದರೂ ಹೊಣೆ ಮುಗಿಯುವುದಿಲ್ಲ, ಬಾಕಿ ಗುರಿ ಹಾಗೇ ಇರುತ್ತದೆ. ಒಂದು ವರ್ಷದೊಳಗೆ ಬಾಕಿ ತೀರಿಸಿದರೆ ಕಟ್ಟಿದ್ದರಲ್ಲಿ ಶೇ. 75 ವಾಪಸ್, ಎರಡು ವರ್ಷಕ್ಕೆ ಶೇ. 60, ಮೂರು ವರ್ಷಕ್ಕೆ ಶೇ. 40. ಆಮೇಲೆ ಏನೂ ಇಲ್ಲ. ಇದಲ್ಲದೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ದಂಡ ₹10 ಸಾವಿರದಿಂದ ₹15 ಲಕ್ಷದವರೆಗೂ ಹೋಗಬಹುದು.

ವರ್ಷಕ್ಕೆ ಕೆಲವೇ ಪೆಟ್ಟಿಗೆ ಮಾರುವವರಿಗೆ ಸ್ವಂತ ಬ್ರ್ಯಾಂಡಿನ ಆಸೆ ಸದ್ಯಕ್ಕೆ ಬೇಡ. ಈಗಾಗಲೇ ರಿಜಿಸ್ಟರ್ ಆದ ಬ್ರ್ಯಾಂಡಿನ ಸಾಮಾನನ್ನು ಅದೇ ಹೆಸರಲ್ಲಿ ಮಾರಿದರೆ ನೀವು ಡೀಲರ್ ಅಷ್ಟೇ, ಇಪಿಆರ್ ಹೊಣೆ ಬ್ರ್ಯಾಂಡಿನವರದು. ಲಾಭ ಸ್ವಲ್ಪ ಕಡಿಮೆ. ದೊಡ್ಡ ಮಟ್ಟದಲ್ಲಿ ಮಾರುವವರು ಒಂದು ಪೆಟ್ಟಿಗೆಗೆ ಎಷ್ಟು ಇಪಿಆರ್ ಖರ್ಚು ಬೀಳುತ್ತದೆ ಅಂತ ಕಂಟೇನರ್ ಬುಕ್ ಮಾಡುವ ಮೊದಲೇ ಲೆಕ್ಕ ಹಾಕಿ, ಬೆಲೆಯಲ್ಲಿ ಸೇರಿಸಿಕೊಳ್ಳಿ.